ಬಾಗಲಕೋಟೆ ಜಿಲ್ಲೆಯ ಬಂಧುತ್ವ ಪದ್ಧತಿ

ಬಾಗಲಕೋಟೆ ಜಿಲ್ಲೆಯ ಬಂಧುತ್ವ ಪದ್ಧತಿ ಎಂದರೆ ಉತ್ತರ ಕರ್ನಾಟಕದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಮತ್ತು ಸುತ್ತಲಿನ ಊರುಗಳ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿರುವ ಸಂಬಂಧಗಳ ವ್ಯವಸ್ಥೆ. ರಕ್ತಸಂಬಂಧವನ್ನು ಈ ಭಾಗದ ಆಡುಮಾತಿನಲ್ಲಿ 'ಕಳ್ಳುಬಳ್ಳಿ' ಎನ್ನುತ್ತಾರೆ. 'ಕಳ್ಳು' ಎಂದರೆ ಕರುಳು. ಇಲ್ಲಿ ಸಂಬಂಧದ ಪ್ರತಿಯೊಂದು ಹೆಸರಿನೊಡನೆ ಒಂದು ನಿರ್ದಿಷ್ಟ ಹೊಣೆಯೂ ಸೇರಿಕೊಂಡಿದೆ. ಮಗುವಿಗೆ ಹೆಸರಿಡುವವರು ಯಾರು, ಜಾವಳ ತೆಗೆಯುವವರು ಯಾರು, ಬಾಣಂತನ ಮಾಡುವವರು ಯಾರು, ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು ಎಂಬುದನ್ನು ಸಂಬಂಧವಾಚಕ ಪದವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಆದರೆ ಹೊಣೆ ಹೊತ್ತವರಿಗೆಲ್ಲ ಅದಕ್ಕೆ ತಕ್ಕ ಹಕ್ಕು ದೊರೆತಿಲ್ಲ. ಆಸ್ತಿ ವಿಭಜನೆ, ಆಲಮಟ್ಟಿ ಜಲಾಶಯದ ಮುಳುಗಡೆ, ದುಡಿಮೆಗಾಗಿ ವಲಸೆ ಮತ್ತು ಕೈಮಗ್ಗದ ಹಿನ್ನಡೆಯಿಂದಾಗಿ ಕುಟುಂಬಗಳು ಚಿಕ್ಕವಾದಂತೆ ಈ ಅಸಮತೋಲನ ಹೆಚ್ಚು ಸ್ಪಷ್ಟವಾಗಿ ಕಾಣತೊಡಗಿದೆ.

ಹಿನ್ನೆಲೆ

ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳ ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್ ಮತ್ತು ಬಾದಾಮಿ ತಾಲ್ಲೂಕಿಗೆ ಸೇರಿದ್ದ ಗುಳೇದಗುಡ್ಡ ಅನಂತರ ಪ್ರತ್ಯೇಕ ತಾಲ್ಲೂಕುಗಳಾದವು. ಮುಂಬಯಿ ಆಡಳಿತದ ದೀರ್ಘಕಾಲದ ಸಂಪರ್ಕದಿಂದ ಮರಾಠಿ ಮೂಲದ 'ಕಾಕಾ', 'ವೈನಿ'ಯಂತಹ ಬಂಧುವಾಚಕಗಳು ಇಲ್ಲಿನ ಕನ್ನಡದಲ್ಲಿ ಬೆರೆತಿವೆ. ಆಸ್ತಿ ವಿಭಜನೆಗೆ 'ವಾಟ್ನಿ', ಉತ್ತರಾಧಿಕಾರಕ್ಕೆ 'ವಾರಸಾ', ಹೊಲದ ದಾಖಲೆಗೆ 'ಉತಾರ' ಎಂಬ ಪದಗಳು ಬಳಕೆಯಲ್ಲಿರುವುದಕ್ಕೂ ಇದೇ ಕಾರಣ.

ಜೋಳದ ಒಣಬೇಸಾಯ ಮತ್ತು ನೇಕಾರಿಕೆ ಈ ಭಾಗದ ಹಳೆಯ ಕಸುಬುಗಳು. ಎರಡಕ್ಕೂ ಮನೆಮಂದಿಯೆಲ್ಲ ಕೂಡಿ ದುಡಿಯುವುದು ಅನಿವಾರ್ಯವಾಗಿತ್ತು. ಆದ್ದರಿಂದ ಇಲ್ಲಿನ ಅವಿಭಕ್ತ ಕುಟುಂಬವು ಭಾವನೆಯ ಬಂಧನವಾಗಿದ್ದಷ್ಟೇ ದುಡಿಮೆಯ ಏರ್ಪಾಡೂ ಆಗಿತ್ತು.

ಇತಿಹಾಸದಲ್ಲಿ ಕುಟುಂಬ

ಬಾದಾಮಿ ಚಾಲುಕ್ಯರ ಶಾಸನಗಳಲ್ಲಿ ಕುಟುಂಬ ಸಂಬಂಧಗಳ ಬಗ್ಗೆ ಮಹತ್ವದ ಸಂಗತಿಗಳು ದೊರೆಯುತ್ತವೆ. ಬಾದಾಮಿಯ ಮೂರನೆಯ ಗುಹಾಲಯದ ಶಾಸನವು (ಶಕ 500, ಕ್ರಿ.ಶ. 578) ಒಂದನೆಯ ಕೀರ್ತಿವರ್ಮನ ತಮ್ಮ ಮಂಗಲೇಶನಿಗೆ ಸಂಬಂಧಿಸಿದ್ದು. ಗುಹಾಲಯ ನಿರ್ಮಾಣದ ಪುಣ್ಯವನ್ನು ಆತ ತನ್ನ ಅಣ್ಣನಿಗೆ ಅರ್ಪಿಸಿದ್ದಾನೆ. ಕೀರ್ತಿವರ್ಮ ತೀರಿಕೊಂಡ ಮೇಲೆ ಮಂಗಲೇಶನೇ ಆಳಿದನು. ಮುಂದೆ ರಾಜ್ಯವು ತನ್ನ ಮಗನಿಗೆ ದೊರೆಯಬೇಕೆಂದು ಪ್ರಯತ್ನಿಸಿ, ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯೊಡನೆ ನಡೆದ ಸಂಘರ್ಷದಲ್ಲಿ ಅಳಿದನೆಂದು ಐಹೊಳೆಯ ಮೇಗುತಿ ದೇವಾಲಯದಲ್ಲಿರುವ ರವಿಕೀರ್ತಿಯ ಶಾಸನ (ಕ್ರಿ.ಶ. 634–35) ತಿಳಿಸುತ್ತದೆ. ಅಣ್ಣನ ಮಕ್ಕಳನ್ನು ತನ್ನ ಮಕ್ಕಳಂತೆ ಕಾಣಬೇಕಾದ ಚಿಕ್ಕಪ್ಪನ ಹೊಣೆಗೂ ಸ್ವಂತ ಮಗನ ಮೇಲಿನ ಮೋಹಕ್ಕೂ ನಡುವಣ ತಿಕ್ಕಾಟದ ಹಳೆಯ ದಾಖಲೆ ಇದು.

ಸ್ತ್ರೀಸಂಬಂಧಗಳಿಗೂ ಶಾಸನಾಧಾರಗಳಿವೆ. ಪಟ್ಟದಕಲ್ಲಿನ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದೇವಾಲಯಗಳನ್ನು ಇಮ್ಮಡಿ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿಯರು ಪತಿಯ ಕಾಂಚಿ ವಿಜಯದ ನೆನಪಿಗಾಗಿ ಕಟ್ಟಿಸಿದರು. ಇವರಿಬ್ಬರೂ ಒಡಹುಟ್ಟಿದ ಅಕ್ಕತಂಗಿಯರು. ಮಹಾಕೂಟದ ಒಂದು ಶಾಸನದಲ್ಲಿ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ದಾನದ ವಿವರವಿದೆ. ಅದರಲ್ಲಿ ಆಕೆಯ ಪರಿಚಯ ತಾಯಿಯ ಕಡೆಯಿಂದ ಸಾಗುತ್ತದೆ. ರೇವಮಂಚಳು, ಆಕೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ ಎಂದು ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರುಗಳು ಅಲ್ಲಿ ಬಂದಿವೆ. ವಂಶವನ್ನು ತಂದೆಯ ಕಡೆಯಿಂದ ಎಣಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಇದೊಂದು ವಿಶಿಷ್ಟ ದಾಖಲೆ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ವಿದ್ಯಾಭ್ಯಾಸ ಮತ್ತು ಐಕ್ಯಸ್ಥಳವಾದ ಕೂಡಲಸಂಗಮವು ಹುನಗುಂದ ತಾಲ್ಲೂಕಿನಲ್ಲಿದೆ. ಅಕ್ಕ ನಾಗಮ್ಮ ಬಸವಣ್ಣನವರ ಅಕ್ಕ. ಆಕೆಯ ಮಗ ಚೆನ್ನಬಸವಣ್ಣ ಸೋದರಳಿಯ. ಶರಣ ಪರಂಪರೆಯಲ್ಲಿ ಬಸವಣ್ಣನವರ ಅನಂತರ ಮುಂದಾಳುತನ ವಹಿಸಿದವರು ಚೆನ್ನಬಸವಣ್ಣನವರು. ಕಲ್ಯಾಣದ ಕ್ರಾಂತಿಯ ಬಳಿಕ ಅವರು ಶರಣರೊಡನೆ ಉಳವಿಗೆ ಸಾಗಿದರು. ಬಸವಣ್ಣನವರು ತಮ್ಮ ವಚನಗಳಲ್ಲಿ ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ ಮುಂತಾದವರನ್ನು ತಂದೆ, ಅಣ್ಣ ಮೊದಲಾದ ಬಂಧುವಾಚಕಗಳಿಂದ ಕರೆದುಕೊಂಡಿದ್ದಾರೆ. ಜಾತಿಯ ಮೇರೆಯೊಳಗೆ ನಿಂತಿದ್ದ ಬಂಧುತ್ವದ ಪದಗಳನ್ನು ಆ ಮೇರೆಯನ್ನು ದಾಟಲು ಬಳಸಿದ ಪ್ರಯತ್ನ ಅದು.

ಸಂಬಂಧವಾಚಕ ಪದಗಳು

ಈ ಪ್ರದೇಶದ ಆಡುಮಾತಿನಲ್ಲಿ ಬಳಕೆಯಲ್ಲಿರುವ ಮುಖ್ಯ ಪದಗಳು ಹೀಗಿವೆ. ಊರು ಮತ್ತು ಸಮುದಾಯಗಳಿಗೆ ಅನುಗುಣವಾಗಿ ಉಚ್ಚಾರದಲ್ಲಿ ವ್ಯತ್ಯಾಸಗಳಿವೆ.

• ಅಪ್ಪ, ಅವ್ವ – ತಂದೆ, ತಾಯಿ
• ಅಜ್ಜ, ಮುತ್ಯಾ – ತಂದೆಯ ತಂದೆ ಅಥವಾ ತಾಯಿಯ ತಂದೆ
• ಅಜ್ಜಿ, ಅಮ್ಮ, ಆಯಿ – ತಂದೆಯ ತಾಯಿ ಅಥವಾ ತಾಯಿಯ ತಾಯಿ
• ದೊಡ್ಡಪ್ಪ, ದೊಡ್ಡವ್ವ – ತಂದೆಯ ಅಣ್ಣ ಮತ್ತು ಆತನ ಹೆಂಡತಿ. ತಾಯಿಯ ಅಕ್ಕ ಮತ್ತು ಆಕೆಯ ಗಂಡ
• ಕಾಕಾ – ತಂದೆಯ ತಮ್ಮ
• ಚಿಗವ್ವ – ತಾಯಿಯ ತಂಗಿ ಅಥವಾ ಕಾಕಾನ ಹೆಂಡತಿ
• ಅತ್ತಿ – ತಂದೆಯ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ
• ಮಾವ – ತಾಯಿಯ ಅಣ್ಣತಮ್ಮ, ಅತ್ತಿಯ ಗಂಡ, ಗಂಡನ ಅಥವಾ ಹೆಂಡತಿಯ ತಂದೆ
• ವೈನಿ – ಅಣ್ಣನ ಹೆಂಡತಿ
• ನೆಗೆಣ್ಣಿ – ಗಂಡನ ಅಣ್ಣತಮ್ಮಂದಿರ ಹೆಂಡತಿ (ಓರಗಿತ್ತಿ)
• ಷಡ್ಡಕ – ಹೆಂಡತಿಯ ಅಕ್ಕತಂಗಿಯ ಗಂಡ
• ಬೀಗ, ಬೀಗತಿ – ಮಗನ ಅಥವಾ ಮಗಳ ಅತ್ತೆಮಾವಂದಿರು

ಈ ಪಟ್ಟಿಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ತಂದೆಯ ಅಣ್ಣತಮ್ಮಂದಿರು ಮತ್ತು ತಾಯಿಯ ಅಕ್ಕತಂಗಿಯರು ತಂದೆತಾಯಿಯರ ಸಾಲಿಗೇ ಸೇರುತ್ತಾರೆ. ಆದ್ದರಿಂದ ಅವರ ಮಕ್ಕಳು ಒಡಹುಟ್ಟಿದವರಿಗೆ ಸಮಾನರು. ಅವರೊಳಗೆ ಮದುವೆ ನಡೆಯುವುದಿಲ್ಲ. ಎರಡನೆಯದು, ಸೋದರಮಾವನಿಗೂ ಹೆಣ್ಣು ಕೊಟ್ಟ ಮಾವನಿಗೂ ಒಂದೇ ಪದ. ಸೋದರತ್ತೆಗೂ ಗಂಡನ ತಾಯಿಗೂ ಒಂದೇ ಪದ. ಅಳಿಯ ಎಂದರೆ ಅಕ್ಕತಂಗಿಯ ಮಗನೂ ಹೌದು, ಮಗಳ ಗಂಡನೂ ಹೌದು. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ರೂಢಿ ಪದಗಳಲ್ಲಿಯೇ ನೆಲೆಗೊಂಡಿರುವುದು ಇದರಿಂದ ತಿಳಿಯುತ್ತದೆ. ದಕ್ಷಿಣ ಭಾರತದ ಭಾಷೆಗಳಲ್ಲಿ ಸಾಮಾನ್ಯವಾಗಿರುವ ಈ ಲಕ್ಷಣವನ್ನು ವಿದ್ವಾಂಸರು ದ್ರಾವಿಡ ಬಂಧುತ್ವವೆಂದು ಕರೆದಿದ್ದಾರೆ. ಜಿಲ್ಲೆಯ ಮುಸ್ಲಿಂ ಕುಟುಂಬಗಳಲ್ಲಿ ತಂದೆಯ ಕಡೆಯ ದಾದಾ–ದಾದಿ, ತಾಯಿಯ ಕಡೆಯ ನಾನಾ–ನಾನಿ ಎಂಬ ಪ್ರತ್ಯೇಕ ಪದಗಳಿವೆ. ಕನ್ನಡದ ಅಜ್ಜ, ಅಜ್ಜಿ ಎಂಬ ಪದಗಳಲ್ಲಿ ಈ ಭೇದವಿಲ್ಲ.

ಕರೆಯುವ ಕ್ರಮದಲ್ಲಿಯೂ ವಿಶೇಷಗಳಿವೆ. ತೀರಿಕೊಂಡ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ವಾಡಿಕೆ. ಸೊಸೆಯು ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಸಂಪ್ರದಾಯವೂ ಇದ್ದುದರಿಂದ, ತಾಯಿಯು ತನ್ನ ಮಗನನ್ನೇ ಹೆಸರು ಹಿಡಿದು ಕೂಗಲಾರದೆ 'ಅಜ್ಜ', 'ಮುತ್ಯಾ', 'ಅಪ್ಪು' ಎಂದು ಕರೆಯುತ್ತಿದ್ದಳು. ಅಜ್ಜ ಅಜ್ಜಿಯರು ಮೊಮ್ಮಗಳನ್ನು 'ಯವ್ವಾ' ಎಂದೂ ಮೊಮ್ಮಗನನ್ನು 'ಯಪ್ಪಾ' ಎಂದೂ ಕರೆಯುವುದು ಇಂದಿಗೂ ಸಾಮಾನ್ಯ. ಹೋದ ತಲೆಮಾರು ಮೊಮ್ಮಕ್ಕಳಲ್ಲಿ ಮರಳಿ ಬಂದಿದೆಯೆಂಬ ನಂಬಿಕೆ ಈ ಕರೆಯಲ್ಲಿ ಅಡಗಿದೆ.

ತಲೆಮಾರುಗಳ ಹೊಣೆಗಳು

ಹಿರಿಯರು

ಅವಿಭಕ್ತ ಕುಟುಂಬದಲ್ಲಿ ಹಿರೇತನವು ಸಾಮಾನ್ಯವಾಗಿ ಅಜ್ಜನಿಗೆ ಅಥವಾ ದೊಡ್ಡಪ್ಪನಿಗೆ ಸೇರಿತ್ತು. ಹೊಲದ ಲಾವಣಿ, ಸಾಲಸೋಲ, ಬೀಗತನದ ಮಾತುಕತೆ ಮತ್ತು ದೈವದ ಮುಂದೆ ಮನೆತನದ ಪರವಾಗಿ ನಿಲ್ಲುವುದು ಅವರ ಕೆಲಸ. ಒಳಮನೆಯ ಯಜಮಾನಿಕೆ ಹಿರಿಯ ಹೆಂಗಸಿನದು. ಹಗೇವಿನ ಜೋಳ ಎಷ್ಟು ದಿನಕ್ಕೆ ಬಂದೀತು, ಯಾವ ಸೊಸೆ ತವರಿಗೆ ಯಾವಾಗ ಹೋಗಬೇಕು ಎಂಬುದನ್ನು ಆಕೆ ನಿರ್ಧರಿಸುತ್ತಿದ್ದಳು. ಯಜಮಾನಿಕೆ ಅತ್ತೆಯಿಂದ ಸೊಸೆಗೆ ದಾಟುವುದು ಒಂದೇ ದಿನ ನಡೆಯುವ ಸಂಗತಿಯಲ್ಲ. ಅದು ಅನೇಕ ವರ್ಷಗಳ ಅವಧಿಯಲ್ಲಿ ಒಂದೊಂದೇ ಕೆಲಸವಾಗಿ ದಾಟುತ್ತದೆ. ಅತ್ತೆಸೊಸೆಯರ ಹಲವು ಜಗಳಗಳ ಮೂಲ ಈ ಅರೆಬರೆ ಹಸ್ತಾಂತರದಲ್ಲಿದೆ.

ಸೋದರಮಾವ ಮತ್ತು ಸೋದರತ್ತೆ

ತಾಯಿಯ ಕಡೆಯ ಪ್ರತಿನಿಧಿಯಾದ ಸೋದರಮಾವನಿಗೆ ಆಚರಣೆಗಳಲ್ಲಿ ಹಿರಿದಾದ ಸ್ಥಾನವಿದೆ. ಮಗುವಿನ ಜಾವಳ ತೆಗೆಯುವಾಗ ಮೊದಲ ಕೂದಲಿಗೆ ಕತ್ತರಿ ಹಾಕುವುದು, ಮದುವೆಯಲ್ಲಿ ಉಡುಗೊರೆ ತರುವುದು ಅವನ ಹೊಣೆ. ತಂದೆಯ ಕಡೆಯ ಪ್ರತಿನಿಧಿಯಾದ ಸೋದರತ್ತೆಯು ತೊಟ್ಟಿಲು ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಗಳು ಹುಟ್ಟಿದ ಮನೆಯ ಮುಂದಿನ ತಲೆಮಾರಿಗೆ ಹೆಸರಿಡುವ ಹಕ್ಕನ್ನು ಹೀಗೆ ಉಳಿಸಿಕೊಳ್ಳುತ್ತಾಳೆ.

ತವರು ಮತ್ತು ಗಂಡನ ಮನೆ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ರೂಢಿ. ಗರ್ಭಿಣಿಗೆ ತವರಿನವರು ರವಿಕೆ ಬಟ್ಟೆ, ಸೀರೆ ಮತ್ತು ಸಿಹಿ ತಿನಿಸುಗಳನ್ನು ತಂದು ಮಾಡುವ ಕಾರ್ಯಕ್ಕೆ 'ಕುಬಸ' ಎಂದೇ ಹೆಸರು. ಕುಬಸ ಎಂದರೆ ರವಿಕೆ. ಬಾಣಂತನ ಮುಗಿಸಿ ಮರಳುವ ಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ. ಶ್ರಾವಣದ ನಾಗರ ಪಂಚಮಿಗೆ ಅಣ್ಣ ಅಥವಾ ತಮ್ಮ ಹೋಗಿ ಹೆಣ್ಣುಮಕ್ಕಳನ್ನು ಕರೆತರುವುದು, ಉಂಡಿ ಕಟ್ಟುವುದು, ಜೋಕಾಲಿ ಆಡುವುದು ಈ ಭಾಗದ ಮುಖ್ಯ ಆಚರಣೆ. ಬನದ ಹುಣ್ಣಿಮೆಯ ಸುಮಾರಿಗೆ ಬಾದಾಮಿಯ ಬಳಿ ನಡೆಯುವ ಬನಶಂಕರಿ ಜಾತ್ರೆಯೂ ಬೀಗರು ನೆಂಟರು ಕಲೆಯುವ ಸಂದರ್ಭ. ಬನಶಂಕರಿಯು ದೇವಾಂಗ ನೇಕಾರರ ಕುಲದೇವತೆ.

ಗಂಡು ಸಂತಾನವಿಲ್ಲದ ಮನೆ

ವಂಶ ಮತ್ತು ಆಸ್ತಿಯ ಹೊಣೆ ಗಂಡುಮಗನದೆಂದು ಭಾವಿಸಿದ್ದರಿಂದ ಮಗನಿಲ್ಲದ ಮನೆಗಳು ದತ್ತು ತೆಗೆದುಕೊಳ್ಳುವುದು ಅಥವಾ ಮನೆ ಅಳಿಯನನ್ನು ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಕೆಲವು ಬಡ ಮತ್ತು ದಲಿತ ಕುಟುಂಬಗಳಲ್ಲಿ ಒಬ್ಬ ಮಗಳಿಗೆ ಮದುವೆ ಮಾಡದೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ಮನೆಯಲ್ಲಿಯೇ ಉಳಿಸಿಕೊಳ್ಳುವ ದೇವದಾಸಿ ಪದ್ಧತಿ ಇತ್ತು. ಆಕೆ ಮಗನಂತೆ ತಂದೆತಾಯಿಯರನ್ನು ಸಾಕಬೇಕಾಗಿತ್ತು. ಆದರೆ ಆಕೆಯ ಮಕ್ಕಳಿಗೆ ತಂದೆಯ ಹೆಸರು ದೊರೆಯುತ್ತಿರಲಿಲ್ಲ. ಕರ್ನಾಟಕ ದೇವದಾಸಿಯರ (ಸಮರ್ಪಣೆ ನಿಷೇಧ) ಕಾಯ್ದೆ, 1982 ಈ ಪದ್ಧತಿಯನ್ನು ಅಪರಾಧವೆಂದು ಸಾರಿತು.

ನೇಕಾರ ಕುಟುಂಬದಲ್ಲಿ ದುಡಿಮೆಯ ಹಂಚಿಕೆ

ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣ ಈ ಜಿಲ್ಲೆಯ ಪ್ರಸಿದ್ಧ ನೇಯ್ಗೆಗಳು; ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕುಬಸ, ಉಡಿ ತುಂಬುವಿಕೆ ಮತ್ತು ಮದುವೆಗಳಲ್ಲಿ ತವರಿಗೂ ಗಂಡನ ಮನೆಗೂ ನಡುವೆ ಓಡಾಡುವ ಬಟ್ಟೆಗಳು ಇವೇ. ಅವನ್ನು ನೇಯುವ ಕುಟುಂಬದಲ್ಲಿ ಸಂಬಂಧ ಮತ್ತು ದುಡಿಮೆ ಹೇಗೆ ಹೆಣೆದುಕೊಂಡಿವೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಇಳಕಲ್ ಸೀರೆಯ ವೈಶಿಷ್ಟ್ಯ ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸೆರಗಿಗೆ ಕೆಂಪು ರೇಷ್ಮೆಯ ಎಳೆ ಬಳಸಿ, ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಈ ಕಾರಣದಿಂದ ಹಲವು ಸೀರೆಗಳಿಗೆ ಸಾಕಾಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಹೂಡಲು ಆಗುವುದಿಲ್ಲ. ಪ್ರತಿಯೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ಮಗ್ಗದ ಮೇಲಿನ ಕೆಲಸದಷ್ಟೇ ಮಗ್ಗಕ್ಕೆ ಮುಂಚಿನ ಕೆಲಸವೂ ಇಲ್ಲಿ ಹೆಚ್ಚು.

ಕುಣಿಮಗ್ಗದಲ್ಲಿ ಕುಳಿತು ಲಾಳಿ ಹೊಡೆಯುವವರು ಗಂಡಸರೂ ಆಗಿರಬಹುದು, ಹೆಂಗಸರೂ ಆಗಿರಬಹುದು. ಲಡಿಯಿಂದ ನೂಲು ಬಿಚ್ಚುವುದು, ರಾಟಿಯಲ್ಲಿ ಕಂಡಿಕೆ ಸುತ್ತುವುದು, ಹಾಸು ಹಾಕುವುದು, ಗಂಜಿ ಕೊಡುವುದು, ಕೊಂಡಿ ಹಾಕುವುದು ಮೊದಲಾದ ಕೆಲಸಗಳು ಮನೆಯ ಹೆಂಗಸರು ಮತ್ತು ವಯಸ್ಸಾದವರ ನಡುವೆ ಹಂಚಿಹೋಗಿವೆ. ಕಣ್ಣು ಮಂಜಾದ ಅಜ್ಜಿಯೂ ಕಂಡಿಕೆ ಸುತ್ತಬಲ್ಲಳು. ಮಗ್ಗದ ಕುಣಿಗೆ ಇಳಿಯಲಾರದ ಅಜ್ಜ ಎಳೆ ಬಿಚ್ಚಿಕೊಡಬಲ್ಲನು. ಮುಪ್ಪಿನಲ್ಲಿಯೂ ಮನೆಗೆ ಬೇಕಾದವರಾಗಿ ಉಳಿಯುವ ಅವಕಾಶವನ್ನು ಈ ಕಸುಬು ಹಿರಿಯರಿಗೆ ಕೊಟ್ಟಿತ್ತು. ಕೆಲಸ ಬಲ್ಲ ಸೊಸೆ ಬರಲೆಂದು ನೇಕಾರರು ನೇಕಾರರ ಮನೆಯಲ್ಲಿಯೇ, ಅದರಲ್ಲೂ ಹತ್ತಿರದ ನೆಂಟರಲ್ಲಿಯೇ, ಹೆಣ್ಣು ಹುಡುಕುವುದಕ್ಕೂ ಇದೊಂದು ಕಾರಣ.

ಕೂಲಿಯ ಲೆಕ್ಕದಲ್ಲಿ ಮಾತ್ರ ಈ ಹಂಚಿಕೆ ಕಾಣುವುದಿಲ್ಲ. ಸಾವಕಾರನಿಂದ ನೂಲು ತಂದು ನೇಯುವ ಪದ್ಧತಿಯಲ್ಲಿ ಕೂಲಿಯನ್ನು ಒಂದು ಸೀರೆಗೆ ಇಷ್ಟು ಎಂದು ಕೊಡಲಾಗುತ್ತದೆ. ಅದು ಸಾಮಾನ್ಯವಾಗಿ ಮನೆಯ ಗಂಡಸಿನ ಹೆಸರಿಗೆ ಜಮೆಯಾಗುತ್ತದೆ. ಕಂಡಿಕೆ, ಹಾಸು, ಕೊಂಡಿಗಳ ಕೂಲಿ ಅದರಲ್ಲಿಯೇ ಅಡಗಿರುವುದರಿಂದ ಮೂವರ ದುಡಿಮೆ ಒಬ್ಬರ ದುಡಿಮೆಯಂತೆ ದಾಖಲಾಗುತ್ತದೆ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಿರುವರೆಂದೂ ಅವರಲ್ಲಿ ಬಹುಪಾಲು ಮಹಿಳೆಯರೆಂದೂ ತಿಳಿಸಿದೆ. ವಿದ್ಯುತ್ ಮಗ್ಗಗಳು ಬಂದ ಮೇಲೆ ಮನೆಯೊಳಗಿನ ಈ ಸಣ್ಣ ಕೆಲಸಗಳು ಕಡಿಮೆಯಾದವು. ಅವುಗಳೊಡನೆ ಹಿರಿಯರಿಗಿದ್ದ ಕೆಲಸವೂ ಕೈತಪ್ಪಿತು.

ಹತ್ತಿರದ ಸಂಬಂಧದ ಮದುವೆ

ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಹಾಗೂ ಅಕ್ಕನ ಮಗಳೊಡನೆ ಮದುವೆ ಈ ಭಾಗದ ಅನೇಕ ಸಮುದಾಯಗಳಲ್ಲಿ ನಡೆದುಬಂದಿದೆ. ಒಂದೇ ಬೆಡಗಿನವರ ನಡುವೆ ಮದುವೆ ನಿಷಿದ್ಧ. ಹಿಂದೂ ವಿವಾಹ ಕಾಯ್ದೆ, 1955 ಮಾವ–ಸೊಸೆಯರ (ಅಂದರೆ ಸೋದರಮಾವ ಮತ್ತು ಅಕ್ಕನ ಮಗಳ) ಮದುವೆಯನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿದೆಯಾದರೂ ರೂಢಿಯಿರುವ ಕಡೆ ವಿನಾಯಿತಿ ನೀಡಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಕ್ತಸಂಬಂಧದ ಮದುವೆಗಳ ಪ್ರಮಾಣ ಹೆಚ್ಚಾಗಿರುವ ರಾಜ್ಯಗಳಲ್ಲಿ ತಮಿಳುನಾಡಿನೊಡನೆ ಕರ್ನಾಟಕವೂ ಮುಂಚೂಣಿಯಲ್ಲಿದೆ.

ಹೊಲ ಹಂಚಿಹೋಗದಿರುವುದು, ಮಗಳು ಅಪರಿಚಿತರ ಮನೆ ಸೇರದಿರುವುದು, ಮುಪ್ಪಿನಲ್ಲಿ ಸೊಸೆಯಾಗಿ ಬಂದ ತಮ್ಮನ ಮಗಳೇ ನೋಡಿಕೊಳ್ಳುವುದು ಇಂತಹ ಮದುವೆಗಳಿಗೆ ಕೊಡುವ ಕಾರಣಗಳು. ಅನುವಂಶೀಯ ದೃಷ್ಟಿಯಿಂದ ಇವುಗಳಲ್ಲಿ ಅಪಾಯವಿದೆ. ತಂದೆತಾಯಿ ಇಬ್ಬರಿಗೂ ಸಮಾನ ಪೂರ್ವಜರಿರುವಾಗ ಒಂದೇ ದೋಷಯುಕ್ತ ವಂಶವಾಹಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚುತ್ತದೆ. ಪೂರ್ವಜರೊಬ್ಬರ ಒಂದೇ ವಂಶವಾಹಿಯ ಎರಡು ಪ್ರತಿಗಳು ಮಗುವಿಗೆ ದೊರೆಯುವ ಸಂಭವವು ಸೋದರಮಾವನ ಮದುವೆಯಲ್ಲಿ 1/8, ಸೋದರ ಸಂಬಂಧಿಗಳ ಮದುವೆಯಲ್ಲಿ 1/16. ಹುಟ್ಟುಕಿವುಡು ಮತ್ತು ಕೆಲವು ರಕ್ತದ ಕಾಯಿಲೆಗಳು ಹೀಗೆ ಬರಬಹುದು. ಮನೆತನದಲ್ಲಿ ಇಂತಹ ತೊಂದರೆ ಕಂಡುಬಂದಿದ್ದರೆ ಮದುವೆಗೆ ಮುಂಚೆ ವೈದ್ಯಕೀಯ ಸಲಹೆ ಪಡೆಯುವುದು ಉಚಿತ.

ಆಸ್ತಿ, ವಾಟ್ನಿ ಮತ್ತು ಹೆಣ್ಣುಮಕ್ಕಳ ಹಕ್ಕು

ಕುಟುಂಬ ಒಡೆಯುವುದು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು 'ಒಲೆ ಬೇರೆ' ಆಗುತ್ತದೆ. ಒಂದೇ ಮನೆಯಲ್ಲಿದ್ದುಕೊಂಡು ಅಡುಗೆ ಬೇರೆ ಮಾಡಿಕೊಳ್ಳುತ್ತಾರೆ. ಅನಂತರ ಹಿರಿಯರ ಸಮಕ್ಷಮದಲ್ಲಿ ವಾಟ್ನಿಯಾಗಿ ಉತಾರದಲ್ಲಿ ಹೆಸರುಗಳು ಬದಲಾಗುತ್ತವೆ. ತಂದೆತಾಯಿಗಳು ಯಾರ ಪಾಲಿಗೆ ಎಂಬ ಪ್ರಶ್ನೆಯೂ ಆಗಲೇ ಏಳುತ್ತದೆ. ತಂದೆ ಒಬ್ಬ ಮಗನ ಮನೆಯಲ್ಲಿ, ತಾಯಿ ಇನ್ನೊಬ್ಬನ ಮನೆಯಲ್ಲಿ ಇರಬೇಕಾದ ಏರ್ಪಾಡುಗಳೂ ಉಂಟು.

ಈ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೆ ಬಹುಕಾಲ ಪಾಲಿರಲಿಲ್ಲ. 1994ರ ತಿದ್ದುಪಡಿಯ ಮೂಲಕ ಕರ್ನಾಟಕವು ಅದಕ್ಕೆ ಮುಂಚೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮಾನವಾದ ಹಕ್ಕನ್ನು ನೀಡಿತು. ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಕಾಯ್ದೆ, 2005 ಈ ಹಕ್ಕನ್ನು ದೇಶದಾದ್ಯಂತ ವಿವಾಹಿತ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು.

ಕಾನೂನು ಬದಲಾದರೂ ಅನೇಕ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಇದರ ಹಿಂದಿದೆ. ಪಂಚಮಿಗೆ ಕರೆಯಲು ಬರುವ ಅಣ್ಣ, ಮಕ್ಕಳ ಮದುವೆಗೆ ನಿಲ್ಲುವ ಸೋದರಮಾವ, ಗಂಡನ ಮನೆಯಲ್ಲಿ ಕಷ್ಟ ಬಂದಾಗ ಆಸರೆಯಾಗುವ ಮನೆ ಇವೆಲ್ಲವೂ ತವರೇ. ಬಿಟ್ಟುಕೊಟ್ಟ ಪಾಲನ್ನು ಹೆಣ್ಣುಮಕ್ಕಳು ಈ ಆಸರೆಯ ಬೆಲೆಯೆಂದು ಭಾವಿಸುತ್ತಾರೆ. ಆದರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಿ ಕಾಯಂ ಆಗುತ್ತದೆ. ತವರಿನ ಆಸರೆಗೆ ಅಂತಹ ನೋಂದಣಿ ಇಲ್ಲ. ಅಣ್ಣನ ಕಾಲದವರೆಗೆ ತೆರೆದಿದ್ದ ಬಾಗಿಲು ಅಣ್ಣನ ಮಕ್ಕಳ ಕಾಲಕ್ಕೂ ತೆರೆದಿರುವುದೆಂಬ ಭರವಸೆ ಇರುವುದಿಲ್ಲ.

ಮುಳುಗಡೆ ಮತ್ತು ಕುಟುಂಬ

ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ ಮತ್ತು ಅನೇಕ ಹಳ್ಳಿಗಳು ಮುಳುಗಡೆಯಾದವು. ಪಟ್ಟಣದ ನಿರಾಶ್ರಿತರಿಗಾಗಿ ನವನಗರ ನಿರ್ಮಾಣವಾಯಿತು. ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್. ಕೃಷ್ಣಾ ಎರಡನೆಯ ನ್ಯಾಯಾಧಿಕರಣದ 2010ರ ತೀರ್ಪಿನಂತೆ ಇದನ್ನು 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ನೆಲ ಮುಳುಗಲಿದೆ.

ಹಳೆಯ ಪಟ್ಟಣದಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದ ಓಣಿಗಳಿದ್ದವು. ಓಣಿಯವರು ಜಾತಿಮತ ಬೇರೆಯಾದರೂ ಪರಸ್ಪರ ಕಾಕಾ, ಅತ್ತಿ, ವೈನಿ ಎಂದು ಕರೆದುಕೊಳ್ಳುತ್ತಿದ್ದರು. ಒಲೆ ಬೇರೆಯಾದ ಅಣ್ಣತಮ್ಮಂದಿರೂ ಒಂದೇ ಪಡಸಾಲೆಯನ್ನು ಬಳಸುತ್ತಿದ್ದರು. ಪರಿಹಾರ ಮತ್ತು ನಿವೇಶನ ಬಂದಾಗ ಮನೆಯ ಹಕ್ಕುದಾರರು ಯಾರೆಂಬುದನ್ನು ಕಾಗದದಲ್ಲಿ ತೋರಿಸಬೇಕಾಯಿತು. ಅಲ್ಲಿಯವರೆಗೆ ರೂಢಿಯ ಬಲದಿಂದ ಒಂದು ಮೂಲೆಯಲ್ಲಿ ಬಾಳುತ್ತಿದ್ದ ವಿಧವೆ ಅತ್ತಿ, ಗಂಡ ಬಿಟ್ಟು ತವರಿಗೆ ಬಂದ ಮಗಳು ಮುಂತಾದವರಿಗೆ ಮನೆಯಲ್ಲಿ ಸ್ಥಾನವಿತ್ತೇ ಹೊರತು ಕಾಗದದಲ್ಲಿ ಹೆಸರಿರಲಿಲ್ಲ. ಒಂದು ಮನೆಯ ಜನ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋದಾಗ ಇಂತಹವರು ಯಾರೊಡನೆ ಹೋಗಬೇಕೆಂಬುದೇ ಸಮಸ್ಯೆಯಾಯಿತು.

ಕೆಲವು ಸಂಬಂಧಗಳು ಹೊಸ ರೂಪದಲ್ಲಿ ಉಳಿದಿವೆ. ಬಾಗಲಕೋಟೆಯ ಪ್ರಸಿದ್ಧ ಹೋಳಿ ಹಬ್ಬವು ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಹಳೆಯ ಪೇಟೆಗಳ ಲೆಕ್ಕದಲ್ಲಿಯೇ ನಡೆಯುತ್ತದೆ. ಹಬ್ಬದಲ್ಲಿ ವಂಶಪಾರಂಪರ್ಯವಾಗಿ ಬಾಬುದಾರಿಕೆ ಹೊಂದಿರುವ ಮನೆತನಗಳಿಗೆ ಇಂದಿಗೂ ಮರ್ಯಾದೆ ಸಲ್ಲುತ್ತದೆ.

ವಲಸೆ ಮತ್ತು ಹಿರಿಯರ ಆರೈಕೆ

ಬಾದಾಮಿ, ಹುನಗುಂದ ಮತ್ತು ಬಾಗಲಕೋಟೆ ತಾಲ್ಲೂಕುಗಳ ಒಣಭೂಮಿಯ ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರು ಮೊದಲಾದ ಕಡೆಗೆ ಕಟ್ಟಡ ಕೆಲಸ ಮತ್ತು ಕೂಲಿಗಾಗಿ ಗುಳೆ ಹೋಗುವುದು ಬಹುಕಾಲದಿಂದ ಇದೆ. ಗಂಡಹೆಂಡತಿ ದುಡಿಯಲು ಹೋದಾಗ ಶಾಲೆಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಇದರಿಂದ ನಡುವಿನ ತಲೆಮಾರಿಲ್ಲದ ಮನೆಗಳು ಉಂಟಾಗಿವೆ. ಅಜ್ಜಿಯು ಮತ್ತೊಮ್ಮೆ ತಾಯಿಯ ಕೆಲಸ ಮಾಡುತ್ತಾಳೆ. ಹತ್ತು ಹನ್ನೆರಡು ವರ್ಷದ ಮೊಮ್ಮಗಳು ಅಜ್ಜಿಯ ಔಷಧಿ, ನೀರು, ರೊಟ್ಟಿಗಳ ಹೊಣೆ ಹೊರುತ್ತಾಳೆ. ಹಿಂದೆ ನಾಲ್ಕೈದು ನೆಗೆಣ್ಣಿಯರ ನಡುವೆ ಹಂಚಿಹೋಗುತ್ತಿದ್ದ ಕೆಲಸ ಹೀಗೆ ಒಬ್ಬ ವೃದ್ಧೆ ಮತ್ತು ಒಬ್ಬ ಬಾಲಕಿಯ ಪಾಲಿಗೆ ಬರುತ್ತದೆ.

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ ಪ್ರಕಾರ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಹಿರಿಯರು ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಜಿಲ್ಲೆಯಲ್ಲಿ ಬಾಗಲಕೋಟೆ ಮತ್ತು ಜಮಖಂಡಿ ಎಂಬ ಎರಡು ಉಪವಿಭಾಗಗಳಿವೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಪಾಲಿಸದಿದ್ದರೆ, ರದ್ದುಗೊಳಿಸಲು 23ನೆಯ ಕಲಮು ಅವಕಾಶ ನೀಡುತ್ತದೆ. ಆದ್ದರಿಂದ ಆಸ್ತಿ ಬರೆದುಕೊಡುವ ಹಿರಿಯರು ಆ ಷರತ್ತನ್ನು ಪತ್ರದಲ್ಲಿಯೇ ಸೇರಿಸುವುದು ಮುಖ್ಯ. ಈ ಕಾಯ್ದೆಯ 'ಮಕ್ಕಳು' ಎಂಬ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಬರುತ್ತಾರೆ, ಸೊಸೆಯ ಹೆಸರಿಲ್ಲ. ಆದರೆ ಹಾಸಿಗೆ ಹಿಡಿದ ಅತ್ತೆಮಾವಂದಿರ ಆರೈಕೆಯನ್ನು ಹೆಚ್ಚಿನ ಮನೆಗಳಲ್ಲಿ ನಿತ್ಯ ಮಾಡುವವಳು ಸೊಸೆಯೇ. ಮಾವನ ಆಸ್ತಿಯಲ್ಲಿ ಆಕೆಗೆ ಸ್ವಂತ ಪಾಲಿಲ್ಲ. ತವರಿನ ಪಾಲನ್ನು ಆಕೆ ಬಿಟ್ಟುಕೊಟ್ಟಿರುವುದೂ ಉಂಟು.

ಅಧ್ಯಯನಗಳು

ಎಂ. ಎನ್. ಶ್ರೀನಿವಾಸ್ ಅವರ 'ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್' (1942) ಕನ್ನಡ ನಾಡಿನ ಕುಟುಂಬ ಪದ್ಧತಿಯ ಆರಂಭಿಕ ಅಧ್ಯಯನಗಳಲ್ಲಿ ಒಂದು. ಇರಾವತಿ ಕರ್ವೆಯವರ 'ಕಿನ್‌ಶಿಪ್ ಆರ್ಗನೈಸೇಷನ್ ಇನ್ ಇಂಡಿಯಾ' (1953) ಭಾರತದ ಬಂಧುತ್ವವನ್ನು ಪ್ರಾದೇಶಿಕ ವಲಯಗಳಾಗಿ ವಿಂಗಡಿಸಿ, ಕರ್ನಾಟಕವನ್ನು ದಕ್ಷಿಣ ವಲಯದಲ್ಲಿ ಸೇರಿಸಿದೆ. ಉತ್ತರದಲ್ಲಿ ಹೆಣ್ಣನ್ನು ದೂರದ ಅಪರಿಚಿತರಿಗೆ ಕೊಡುವ ರೂಢಿಯಿದ್ದರೆ ದಕ್ಷಿಣದಲ್ಲಿ ಪರಿಚಿತ ಬಂಧುಗಳಿಗೆ ಕೊಡುವ ಒಲವಿದೆ ಎಂಬ ವ್ಯತ್ಯಾಸವನ್ನು ಅವರು ಗುರುತಿಸಿದರು. ಥಾಮಸ್ ಟ್ರಾಟ್‌ಮನ್ ಅವರ 'ದ್ರವಿಡಿಯನ್ ಕಿನ್‌ಶಿಪ್' (1981) ದ್ರಾವಿಡ ಬಂಧುತ್ವದ ರಚನೆ ಮತ್ತು ಇತಿಹಾಸವನ್ನು ವಿವರಿಸುತ್ತದೆ. ತವರು, ಅಣ್ಣತಂಗಿ, ಅತ್ತೆಸೊಸೆಯರ ಸಂಬಂಧಗಳನ್ನು ಹೆಂಗಸರ ದೃಷ್ಟಿಯಿಂದ ಅರಿಯಲು ಉತ್ತರ ಕರ್ನಾಟಕದ ಬೀಸುವ ಕಲ್ಲಿನ ತ್ರಿಪದಿಗಳು ಅತ್ಯಂತ ಸಮೃದ್ಧವಾದ ಆಕರ.